ತಗಡು ಬಡಿದರೆ ರಿಪೇರಿಯಾಯಿತೇ?

ಮಲೆನಾಡಿನ ಯಾವ ಪೇಟೆಯ ಗ್ಯಾರೇಜಿನ ಮುಂದೆ ನಿಂತರೂ ಒಂದಿಲ್ಲೊಂದು ದಿನ ಈ ಮಾತುಕತೆ ಕಿವಿಗೆ ಬೀಳುತ್ತದೆ. ಅಡಿಕೆ ಮೂಟೆಯನ್ನೋ ಬಾಳೆಗೊನೆಯನ್ನೋ ಹೇರಿಕೊಂಡ ಡೀಸೆಲ್ ಪಿಕಪ್ ವಾಹನವೊಂದು ಕೆಮ್ಮುತ್ತ ಬಂದು ನಿಲ್ಲುತ್ತದೆ. "ಘಟ್ಟ ಹತ್ತುವುದೇ ಇಲ್ಲ ಮಾರಾಯ್ರೆ, ಹಿಂದೆಲ್ಲ ಕರಿ ಹೊಗೆ" ಎಂದು ಮಾಲಿಕ ದೂರುತ್ತಾನೆ. ಮೆಕ್ಯಾನಿಕ್ ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದಲ್ಲಿರುವ ಮುಷ್ಟಿಗಾತ್ರದ ಭಾಗವೊಂದನ್ನು ತೋರಿಸಿ, "ಇಜಿಆರ್ ಕಟ್ಟಿದೆ. ಹೊಸತು ಹಾಕಲು ಸಾವಿರಗಟ್ಟಲೆ ಆದೀತು. ಒಂದು ತಗಡು ಬಡಿದುಬಿಡುವ, ಎಳೆತವೂ ಬರುತ್ತದೆ" ಎನ್ನುತ್ತಾನೆ. ಉಕ್ಕಿನ ತಗಡಿನ ತುಂಡೊಂದನ್ನು ಕತ್ತರಿಸಿ, ತೂತು ಕೊರೆದು, ಕೊಳವೆಯ ಸಂದಿಯಲ್ಲಿಟ್ಟು ಬೋಲ್ಟ್ ಬಿಗಿಯುತ್ತಾನೆ. ಮರುದಿನ ವಾಹನ ನಿಜಕ್ಕೂ ಘಟ್ಟ ಹತ್ತುತ್ತದೆ. ಮಾಲಿಕನಿಗೆ ಸಂತೋಷ, ಮೆಕ್ಯಾನಿಕ್ಕಿಗೆ ಒಳ್ಳೆಯ ಹೆಸರು, ಎಮಿಷನ್ ತಪಾಸಣೆಯಲ್ಲೂ ಪಾಸು.

ಈ ಪ್ರಸಂಗದಲ್ಲಿ ಯಾರೂ ಸುಳ್ಳು ಹೇಳಿಲ್ಲ. ಪದ್ಧತಿ ಇಷ್ಟು ಬೇಗ ಊರೂರಿಗೆ ಹಬ್ಬಿರುವುದಕ್ಕೆ ಕಾರಣವೂ ಅದೇ. ವಾಹನಕ್ಕೆ ಎಳೆತ ಬಂದದ್ದು ನಿಜ; ಕರಿ ಹೊಗೆ ಕಡಿಮೆಯಾದದ್ದೂ ನಿಜ. ತಪ್ಪಿರುವುದು ಅದರಿಂದ ಹೊರಡಿಸಿದ ತೀರ್ಮಾನದಲ್ಲಿ. ಆ ಭಾಗ ಇದ್ದುದೇ ತೊಂದರೆಗೆ ಕಾರಣ, ಅದನ್ನು ಮುಚ್ಚಿದ್ದೇ ಚಿಕಿತ್ಸೆ ಎಂದು ಎಲ್ಲರೂ ನಂಬುತ್ತಾರೆ. ವಾಸ್ತವದಲ್ಲಿ ತೊಂದರೆ ಇದ್ದುದು ಮಸಿ ಕಟ್ಟಿ ಬಾಯಿ ತೆರೆದುಕೊಂಡೇ ನಿಂತುಹೋಗಿದ್ದ ಕವಾಟದಲ್ಲಿ. ಅದನ್ನು ಬಿಚ್ಚಿ ತೊಳೆದು, ಮೊದಲಿನಂತೆ ಮುಚ್ಚಿ ತೆರೆಯುವಂತೆ ಮಾಡಿದ್ದರೂ ಅದೇ ಎಳೆತ ಬರುತ್ತಿತ್ತು. ಒಂದೆರಡು ಗಂಟೆಯ ಕೆಲಸ ಹೆಚ್ಚು ಹಿಡಿಯುತ್ತಿತ್ತು, ಅಷ್ಟೆ. ಆ ಒಂದೆರಡು ಗಂಟೆ ಉಳಿಸಿದ್ದಕ್ಕೆ ತೆರಬೇಕಾದ ಬೆಲೆ ಮಾತ್ರ ಗ್ಯಾರೇಜಿನ ಬಿಲ್ಲಿನಲ್ಲಿ ಕಾಣುವುದಿಲ್ಲ.

ಇಜಿಆರ್ ಎಂದರೆ ಎಂಜಿನ್ ಹೊರಬಿಟ್ಟ ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೇ ಉಣಿಸುವ ಏರ್ಪಾಡು. ಉರಿದು ಹೋದದ್ದನ್ನೇ ಮತ್ತೆ ಒಳಗೆ ತುರುಕುವುದೇಕೆ ಎಂದು ಅನೇಕರು ನಗುತ್ತಾರೆ. ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚುವ ಮನೆಯವರಿಗೆ ಇದು ಅರ್ಥವಾಗದ ಸಂಗತಿಯಲ್ಲ. ಬೂದಿಯೂ ಉರಿದು ಮುಗಿದ ವಸ್ತುವೇ. ತಾನು ಉರಿಯದೆ ಕೆಂಡದ ಉರಿಯನ್ನು ತಗ್ಗಿಸುತ್ತದೆ. ಹಾಗೆಯೇ ಮರಳಿ ಬಂದ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೆಚ್ಚು. ಅವು ಶಾಖವನ್ನು ಹೀರಿಕೊಂಡು ಸಿಲಿಂಡರಿನೊಳಗಿನ ಜ್ವಾಲೆಯ ಕಾವನ್ನು ಇಳಿಸುತ್ತವೆ. ಇಳಿಸಬೇಕಾದ ಅಗತ್ಯವೇನೆಂದರೆ, ಎಂಜಿನ್ ಎಳೆದುಕೊಳ್ಳುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಸಾಮಾನ್ಯ ಉಷ್ಣತೆಯಲ್ಲಿ ಅದು ಯಾರ ತಂಟೆಗೂ ಹೋಗದ ಸಾಧು. ಕಾವು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗತೊಡಗುತ್ತದೆ. ಅಲ್ಲಿಂದ ಮೇಲೆ ಕಾವು ಏರಿದಂತೆ ಈ ಉತ್ಪತ್ತಿ ಬಹಳ ತೀವ್ರವಾಗಿ ಏರುತ್ತದೆ. ಆದ್ದರಿಂದ ಜ್ವಾಲೆಯ ಕಾವನ್ನು ಸ್ವಲ್ಪ ಇಳಿಸಿದರೂ ಈ ಅನಿಲ ಬಹಳಷ್ಟು ಇಳಿಯುತ್ತದೆ.

ಈ ಪುಟ್ಟ ಕವಾಟದ ಹಿಂದಿನ ಚರಿತ್ರೆ ಕೃಷಿಕರಿಗೆ ಕುತೂಹಲ ಹುಟ್ಟಿಸುವಂಥದು. ಅದು ಆರಂಭವಾದದ್ದು ಎಂಜಿನ್ ತಜ್ಞರಿಂದಲ್ಲ, ಸೊಪ್ಪಿನ ಮಡಿಗಳಿಂದ. 1940ರ ದಶಕದಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಸುತ್ತಲಿನ ತೋಟಗಳಲ್ಲಿ ಸೊಪ್ಪು ತರಕಾರಿಗಳ ಎಲೆಗಳು ಬೆಳ್ಳಿಬಣ್ಣಕ್ಕೆ, ಕಂದಿಗೆ ತಿರುಗಿ ಒಣಗತೊಡಗಿದವು. ಯಾವ ಶಿಲೀಂಧ್ರವೂ ಕೀಟವೂ ಅದಕ್ಕೆ ಹೊಣೆಯಾಗಿರಲಿಲ್ಲ. ಅದೇ ಪ್ರಾಂತದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅನಾನಸಿನ ಪರಿಮಳದ ರಾಸಾಯನಿಕಗಳನ್ನು ಹುಡುಕುತ್ತಿದ್ದ ಸಸ್ಯ ಜೀವರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿತ್ ಆ ಕೆಲಸವನ್ನು ಪಕ್ಕಕ್ಕಿಟ್ಟು ಊರಿನ ಗಾಳಿಯನ್ನು ಪರೀಕ್ಷಿಸಹೊರಟರು. ವಾಹನ ಮತ್ತು ಎಣ್ಣೆ ಶುದ್ಧೀಕರಣ ಘಟಕಗಳಿಂದ ಬರುವ ಹೈಡ್ರೋಕಾರ್ಬನ್‌ಗಳು ಮತ್ತು ಸಾರಜನಕದ ಆಕ್ಸೈಡುಗಳು ಬಿಸಿಲಿನಲ್ಲಿ ಬೆರೆತು ಓಝೋನ್ ಆಗುತ್ತವೆ, ಎಲೆ ಸುಡುತ್ತಿರುವುದು ಆ ಸರಣಿಯಲ್ಲಿ ಹುಟ್ಟುವ ವಸ್ತುಗಳೇ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಪಾಲಕ್, ಬೀಟ್ ಮುಂತಾದ ಗಿಡಗಳನ್ನು ಕೋಣೆಯಲ್ಲಿಟ್ಟು, ಅದೇ ಮಿಶ್ರಣವನ್ನು ಬಿಟ್ಟು, ಹೊಲದಲ್ಲಿ ಕಂಡ ಕಲೆಗಳೇ ಅಲ್ಲಿಯೂ ಮೂಡುವುದನ್ನು ಕಂಡರು. ವಾಹನ ಕಂಪನಿಗಳು ಹಲವು ವರ್ಷ ಇದನ್ನು ಒಪ್ಪಲಿಲ್ಲ. 1970ರ ದಶಕದ ಆರಂಭದಲ್ಲಿ ಕಾನೂನು ಬಿಗಿಯಾದ ಮೇಲೆ ಅಮೆರಿಕದ ಕಾರುಗಳಿಗೆ ಇಜಿಆರ್ ಕವಾಟ ಬಂತು. ಮುಂದೆ ಡೀಸೆಲ್ ಎಂಜಿನ್ನುಗಳಿಗೂ ಬಂತು. ಭಾರತದಲ್ಲಿ ಡೀಸೆಲ್ ಕಾರೊಂದು ಪ್ರತಿ ಕಿಲೋಮೀಟರಿಗೆ ಬಿಡಬಹುದಾದ ಸಾರಜನಕದ ಆಕ್ಸೈಡುಗಳ ಮಿತಿ ಬಿ.ಎಸ್. 3ರಲ್ಲಿ 0.50 ಗ್ರಾಂ ಇದ್ದುದು, ಬಿ.ಎಸ್. 4ರಲ್ಲಿ 0.25ಕ್ಕೆ, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6ರಲ್ಲಿ 0.08 ಗ್ರಾಂಗೆ ಇಳಿಯಿತು. ಈ ಇಳಿಕೆಯ ದೊಡ್ಡ ಭಾರವನ್ನು ಹೊತ್ತಿರುವುದು ಗ್ಯಾರೇಜಿನಲ್ಲಿ ತಗಡು ಬಡಿಸಿಕೊಳ್ಳುವ ಆ ಮುಷ್ಟಿಗಾತ್ರದ ವಸ್ತು.

ಅದು ಕಟ್ಟಿಕೊಳ್ಳುತ್ತದೆ ಎಂಬ ದೂರು ಸುಳ್ಳಲ್ಲ. ಬಯಲುಸೀಮೆಯ ಹೆದ್ದಾರಿಗಿಂತ ಬೆಟ್ಟದ ರಸ್ತೆಯಲ್ಲಿ ಬೇಗ ಕಟ್ಟಿಕೊಳ್ಳುವುದಕ್ಕೆ ಕಾರಣಗಳೂ ಇವೆ. ಡೀಸೆಲ್ ಹೊಗೆಯಲ್ಲಿ ಮಸಿ ಇರುತ್ತದೆ. ಎಂಜಿನ್ನಿನ ತಳಭಾಗದಿಂದ ಉಸಿರಾಟದ ಕೊಳವೆಯ ಮೂಲಕ ಎಣ್ಣೆಯ ಆವಿ ಬಂದು ಒಳಬರುವ ಗಾಳಿಗೆ ಸೇರುತ್ತದೆ. ಮಸಿ, ಎಣ್ಣೆ, ನೀರಾವಿ ಮೂರೂ ಸೇರಿದರೆ ಸಿದ್ಧವಾಗುವುದು ಬಚ್ಚಲ ಹಂಡೆಯ ಹೊಗೆಗೂಡಿನಲ್ಲಿ ಹಸಿ ಕಟ್ಟಿಗೆ ಉರಿಸಿದಾಗ ಕಟ್ಟುವಂಥ ಅಂಟು ಇಲ್ಲಣ. ಎಂಜಿನ್ ಸರಿಯಾಗಿ ಕಾಯ್ದು, ಸಾಕಷ್ಟು ವೇಗದಲ್ಲಿ ತಿರುಗುತ್ತಿದ್ದರೆ ಇದು ಅಷ್ಟಾಗಿ ನಿಲ್ಲುವುದಿಲ್ಲ. ಮನೆಯಿಂದ ಡೇರಿಗೆ ಎರಡು ಕಿಲೋಮೀಟರ್, ಅಲ್ಲಿಂದ ಶಾಲೆಗೆ ಒಂದು, ಮಳೆಗಾಲದ ತಣ್ಣನೆಯ ಮುಂಜಾನೆ, ಮಾತು ಮುಗಿಯುವವರೆಗೆ ಎಂಜಿನ್ ಆರಿಸದೆ ನಿಲ್ಲಿಸಿಕೊಂಡಿರುವುದು: ಮಲೆನಾಡಿನ ವಾಹನದ ದಿನಚರಿ ಹೀಗೆ. ಏರಿನಲ್ಲಿ ಗೇರು ಇಳಿಸಲು ಬೇಸರಪಟ್ಟು, ಎಳೆಯಲಾರದ ಗೇರಿನಲ್ಲೇ ಗೊಣಗುಟ್ಟಿಸಿಕೊಂಡು ಹತ್ತಿಸುವ ಅಭ್ಯಾಸವೂ ಸೇರಿದರೆ ಮಸಿಗೆ ಹಬ್ಬ.

ಇನ್ನು ರೋಗನಿದಾನ. ಇಜಿಆರ್ ಎರಡು ರೀತಿಯಲ್ಲಿ ಕೆಡುತ್ತದೆ, ಎರಡರ ಲಕ್ಷಣಗಳೂ ಪರಸ್ಪರ ವಿರುದ್ಧ. ಕವಾಟ ತೆರೆದೇ ನಿಂತರೆ ಎಂಜಿನ್ನಿಗೆ ಗಾಳಿ ಸಾಲದು. ಪೆಟ್ರೋಲ್ ಕಾರು ನಿಂತಲ್ಲಿ ನಡುಗುತ್ತದೆ, ಕೆಲವೊಮ್ಮೆ ಆರಿಯೇ ಹೋಗುತ್ತದೆ. ಡೀಸೆಲ್ ವಾಹನ ಏರಿನಲ್ಲಿ ಕರಿ ಹೊಗೆ ಕಾರಿ ಸೋಲುತ್ತದೆ. ಕವಾಟ ಮುಚ್ಚಿಯೇ ನಿಂತರೆ ಪೆಟ್ರೋಲ್ ಎಂಜಿನ್ ಅರ್ಧ ಆಕ್ಸಿಲರೇಟರಿನಲ್ಲಿ ಏರು ಹತ್ತುವಾಗ ಟಣಟಣ ಎಂದು ಬಡಿದುಕೊಳ್ಳಬಹುದು. ಡೀಸೆಲ್ಲಿನಲ್ಲಾದರೋ ಚಾಲಕನಿಗೆ ಏನೂ ತಿಳಿಯುವುದಿಲ್ಲ; ಸದ್ದು ಕೊಂಚ ಗಡಸಾದೀತು, ಅಷ್ಟೇ. ಸಾರಜನಕದ ಆಕ್ಸೈಡುಗಳು ಮಾತ್ರ ಸದ್ದಿಲ್ಲದೆ ಹೊರಗೆ ಸುರಿಯುತ್ತಿರುತ್ತವೆ. ತಗಡು ಬಡಿದ ವಾಹನದ ಸ್ಥಿತಿ ಈ ಎರಡನೆಯದು. ರಿಪೇರಿಯ ಹೆಸರಿನಲ್ಲಿ ನಡೆಯುವುದು ಕಣ್ಣಿಗೆ ಕಾಣುವ ದೋಷವನ್ನು ಕಾಣದ ದೋಷವಾಗಿ ಬದಲಾಯಿಸುವ ಕೆಲಸ.

ಕರಿ ಹೊಗೆ ಕಂಡೊಡನೆ ಇಜಿಆರ್ ಮೇಲೆ ಬೆರಳು ತೋರಿಸುವುದೂ ಆತುರವೇ. ಜನವರಿಯಿಂದ ಮೇ ತನಕ ಮಣ್ಣುರಸ್ತೆಯಲ್ಲಿ ಓಡಿದ ಗಾಡಿಯ ಏರ್ ಫಿಲ್ಟರ್ ಕೆಂಪು ಧೂಳಿನಿಂದ ತುಂಬಿದ್ದರೂ ಇದೇ ಲಕ್ಷಣ. ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಸೀಳಿದ್ದರೂ ಇದೇ ಲಕ್ಷಣ. ಇಂಜೆಕ್ಟರ್ ಸವೆದಿದ್ದರೂ ಅದೇ. ಫಿಲ್ಟರ್ ತೆಗೆದು ನೋಡಲು ಐದು ನಿಮಿಷ ಸಾಕು. ಹೋಸುಗಳ ಮೇಲೆ ಕೈಯಾಡಿಸಿದರೆ ಎಣ್ಣೆ ಒಸರಿದ ಜಾಗ ಸಿಗುತ್ತದೆ. ಹಳೆಯ ಮಾದರಿಗಳಲ್ಲಿ ಕವಾಟವನ್ನು ಎತ್ತುವುದು ನಿರ್ವಾತ, ಅಂದರೆ ಗ್ಯಾರೇಜಿನವರ ಮಾತಿನಲ್ಲಿ ವ್ಯಾಕ್ಯೂಮ್. ಅದರ ಸಣ್ಣ ರಬ್ಬರ್ ಕೊಳವೆ ಕೊಟ್ಟಿಗೆಯಲ್ಲೋ ಮಾಡಿನಡಿಯಲ್ಲೋ ನಿಲ್ಲಿಸಿದ ವಾಹನದಲ್ಲಿ ಇಲಿಗೆ ಬಹಳ ಪ್ರಿಯ. ಇಲಿ ಕಡಿದ ಗೇಣುದ್ದದ ಕೊಳವೆಗಾಗಿ ಇಡೀ ಕವಾಟವನ್ನೇ ಬದಲಾಯಿಸಿಕೊಂಡವರೂ ಇದ್ದಾರೆ.

ಈ ವ್ಯಾಕ್ಯೂಮ್ ಮಾದರಿಯ ಪರೀಕ್ಷೆ ಸರಳ. ಕೈಪಂಪನ್ನು ಕವಾಟದ ಮೇಲಿನ ನಳಿಕೆಗೆ ಜೋಡಿಸಿ ಗಾಳಿ ಎಳೆಯಬೇಕು. ಮುಳ್ಳು ಏರಿ ಹಾಗೆಯೇ ನಿಂತರೆ ಒಳಗಿನ ಡಯಾಫ್ರಮ್ ಗಟ್ಟಿಯಾಗಿದೆ. ಇಳಿದುಬಿಟ್ಟರೆ ಹರಿದಿದೆ, ಆಗ ಕವಾಟ ಬದಲಿಸದೆ ವಿಧಿಯಿಲ್ಲ. ಪೆಟ್ರೋಲ್ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಹೀಗೆ ಎಳೆದರೆ ಅದು ತಡವರಿಸಬೇಕು, ಆರಲೂಬಹುದು. ಡೀಸೆಲ್ಲಿನಲ್ಲಿ ಸದ್ದು ಬದಲಾಗಬೇಕು. ಡಯಾಫ್ರಮ್ ಗಟ್ಟಿಯಿದ್ದೂ ಏನೂ ಬದಲಾಗದಿದ್ದರೆ ಕವಾಟದ ದಂಡ ಅಂಟಿಕೊಂಡಿದೆ, ಇಲ್ಲವೇ ಹೊಗೆಯ ದಾರಿ ಮಸಿಯಿಂದ ಮುಚ್ಚಿಹೋಗಿದೆ. ಎರಡಕ್ಕೂ ಮದ್ದು ತೊಳೆಯುವುದೇ.

ಹೊಸ ವಾಹನಗಳಲ್ಲಿ ಕವಾಟವನ್ನು ವಿದ್ಯುತ್ ಮೋಟಾರು ನಡೆಸುತ್ತದೆ. ಕಂಪ್ಯೂಟರು ಅದರ ಮೇಲೆ ಕಣ್ಣಿಟ್ಟಿರುತ್ತದೆ. ಚೆಕ್ ಎಂಜಿನ್ ದೀಪ ಹೊತ್ತಿದಾಗ ಸ್ಕ್ಯಾನರ್ ಜೋಡಿಸಿದರೆ ಸಂಕೇತವೊಂದು ಸಿಗುತ್ತದೆ. ಪಿ 0401 ಎಂದರೆ ಮರುಹರಿವು ಸಾಲದು, ಪಿ 0402 ಎಂದರೆ ಅತಿಯಾಗಿದೆ, ಪಿ 0403 ಎಂದರೆ ವಿದ್ಯುತ್ ಸಂಪರ್ಕದಲ್ಲಿ ದೋಷ. ಇವು ದೋಷದ ಹೆಸರುಗಳೇ ಹೊರತು ಕೆಟ್ಟ ಭಾಗದ ಹೆಸರುಗಳಲ್ಲ. ಪಿ 0401 ಕಂಡಾಕ್ಷಣ ಹೊಸ ಕವಾಟಕ್ಕೆ ಆರ್ಡರ್ ಕೊಡುವುದು, ಜ್ವರ ಬಂದೊಡನೆ ಥರ್ಮಾಮೀಟರ್ ನೋಡಿ ಶಸ್ತ್ರಚಿಕಿತ್ಸೆಗೆ ಬರೆದಂತೆ. ಅನೇಕ ಡೀಸೆಲ್ ಎಂಜಿನ್ನುಗಳಲ್ಲಿ ಮರುಹರಿವು ಎಷ್ಟಾಯಿತೆಂದು ಕಂಪ್ಯೂಟರು ನೇರವಾಗಿ ಅಳೆಯುವುದಿಲ್ಲ. ಹೊರಗಿನಿಂದ ಬಂದ ಗಾಳಿ ಎಷ್ಟು ಕಡಿಮೆಯಾಯಿತೆಂಬುದರಿಂದ ಲೆಕ್ಕ ಹಾಕುತ್ತದೆ. ಆ ಗಾಳಿಯನ್ನು ಅಳೆಯುವ ಸಂವೇದಕದ ಮೇಲೆ ಧೂಳು ಕೂತರೆ ಲೆಕ್ಕ ತಪ್ಪುತ್ತದೆ, ಅಪವಾದ ಇಜಿಆರ್ ಮೇಲೆ ಬರುತ್ತದೆ. ಸ್ಕ್ಯಾನರಿನಲ್ಲಿ ಕಂಪ್ಯೂಟರು ಕೇಳಿದ ತೆರವು ಎಷ್ಟು, ಕವಾಟ ತೆರೆದದ್ದು ಎಷ್ಟು ಎಂಬ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಹೊಂದಿಕೊಂಡು ಏರಿಳಿಯುತ್ತಿದ್ದರೆ ಕವಾಟ ನಿರಪರಾಧಿ. ದಾರಿಯನ್ನೂ ಸಂವೇದಕವನ್ನೂ ಪರೀಕ್ಷಿಸಬೇಕು.

ಒಂದು ಲಕ್ಷಣವನ್ನು ಮಾತ್ರ ಮುಂದೂಡಬಾರದು. ಹೊರಗೆ ಎಲ್ಲಿಯೂ ಸೋರಿಕೆ ಕಾಣದೆ ರೇಡಿಯೇಟರಿನ ಕೂಲಂಟ್ ಇಳಿಯುತ್ತಿದ್ದರೆ, ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ, ಮರುಹರಿವಿನ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಳಗೇ ಸೀಳಿರುವ ಸಾಧ್ಯತೆಯಿದೆ. ದಿನಾ ನೀರು ತುಂಬಿಸಿ ಓಡಿಸುವವರು, ಆ ನೀರು ಸಿಲಿಂಡರಿನೊಳಗೆ ಹೋಗಿ ಎಂಜಿನ್ನನ್ನೇ ಮುರಿಯಬಹುದು ಎಂಬುದನ್ನು ತಿಳಿದಿರಬೇಕು.

ತೊಳೆಯುವ ಕೆಲಸದಲ್ಲಿ ಜಾಣತನಕ್ಕಿಂತ ತಾಳ್ಮೆ ಮುಖ್ಯ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಬ್ಯಾಟರಿಯ ತಂತಿ ಕಳಚಿರಬೇಕು. ಕವಾಟ ಬಿಚ್ಚಿ, ಕಟ್ಟಿದ ಮಸಿಯನ್ನು ಮರದ ಚೂರಿನಿಂದಲೋ ಹಿತ್ತಾಳೆಯ ಬ್ರಷ್ಷಿನಿಂದಲೋ ಮೆಲ್ಲಗೆ ಕೆರೆದು, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ನೆನೆಯಲು ಬಿಡಬೇಕು. ಉಕ್ಕಿನ ಉಳಿಯಿಂದ ಕೆರೆದರೆ ಕವಾಟ ಕೂರುವ ಅಂಚಿಗೆ ಗೀರು ಬಿದ್ದು ಮತ್ತೆಂದೂ ಬಿಗಿಯಾಗಿ ಮುಚ್ಚದು. ಮೋಟಾರು ಇರುವ ಭಾಗವನ್ನಾಗಲಿ ಡಯಾಫ್ರಮ್ಮನ್ನಾಗಲಿ ದ್ರಾವಣದಲ್ಲಿ ಮುಳುಗಿಸುವಂತಿಲ್ಲ. ಬೀಡಿ ಸೇದುತ್ತ ಈ ಕೆಲಸ ಮಾಡುವವರಿಗೆ ಹೇಳಬೇಕಾದ್ದನ್ನು ಬೇರೆ ಯಾರಾದರೂ ಹೇಳಿಯಾರು. ಕವಾಟವನ್ನು ಬಿಚ್ಚದೆಯೇ, ಓಡುತ್ತಿರುವ ಡೀಸೆಲ್ ಎಂಜಿನ್ನಿನ ಗಾಳಿದಾರಿಗೆ ಉರಿಯುವ ಸ್ಪ್ರೇ ಹೊಡೆಯುವ ಅಡ್ಡದಾರಿಯೊಂದಿದೆ. ಅದು ಅಪಾಯಕಾರಿ; ಡೀಸೆಲ್ ಎಂಜಿನ್ ಆ ಸ್ಪ್ರೇಯನ್ನೇ ಇಂಧನ ಮಾಡಿಕೊಂಡು ಹಿಡಿತ ತಪ್ಪಿ ಓಡಬಲ್ಲದು.

ಕವಾಟ ತೊಳೆದು, ಅದರ ಮುಂದಿನ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೆ ಬೆರಳುಗಾತ್ರದ ಮಸಿಯನ್ನು ಹಾಗೆಯೇ ಬಿಟ್ಟರೆ ಕೆಲಸ ಅರ್ಧವಾದಂತೆ. ಎಣ್ಣೆಯ ಆವಿ ತರುವ ಉಸಿರಾಟದ ಕೊಳವೆ ಮತ್ತು ಅದರ ಎಣ್ಣೆ ಬೇರ್ಪಡಿಸುವ ಭಾಗವನ್ನೂ ನೋಡಬೇಕು. ಅದು ಕೆಟ್ಟಿದ್ದರೆ ತೊಳೆದ ಕವಾಟ ಬೇಗನೆ ಮತ್ತೆ ಅಂಟಿಕೊಳ್ಳುತ್ತದೆ. ಜೋಡಿಸುವಾಗ ಹೊಸ ಪ್ಯಾಕಿಂಗ್ ಹಾಕಬೇಕು. ವಿದ್ಯುತ್ ಕವಾಟವಾದರೆ ಅದರ ಮುಚ್ಚು-ತೆರವಿನ ಕೊನೆಗಳನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವ ಕ್ರಮವನ್ನು ಸ್ಕ್ಯಾನರಿನಿಂದ ಮಾಡಬೇಕಾಗಬಹುದು. ಹಳೆಯ ಸಂಕೇತ ಅಳಿಸಿ, ಒಂದು ಘಟ್ಟ ಹತ್ತಿಳಿದು ಬಂದು ಮತ್ತೊಮ್ಮೆ ನೋಡಿದರೆ ಫಲಿತಾಂಶ ತಿಳಿಯುತ್ತದೆ. ಡೀಸೆಲ್ ಮಸಿ ಶ್ವಾಸಕೋಶಕ್ಕೆ ಕೆಟ್ಟದ್ದು. ಕೈಗವಸು, ಮೂಗಿಗೆ ಬಟ್ಟೆ ಬೇಕು. ತೊಳೆದ ಕರಿ ನೀರನ್ನು ಗ್ಯಾರೇಜಿನ ಹಿಂದಿನ ಹಳ್ಳಕ್ಕೆ ಚೆಲ್ಲುವುದಾದರೆ ಇಷ್ಟೆಲ್ಲ ಮಾಡಿ ಏನು ಬಂತು? ಡಬ್ಬಿಯಲ್ಲಿ ಹಿಡಿದು, ಹಳೆಯ ಎಂಜಿನ್ ಆಯಿಲ್ ಕೊಂಡೊಯ್ಯುವವರಿಗೆ ಕೊಡಬೇಕು.

ತಗಡಿನ ಪರವಾಗಿ ಹೇಳುವವರಿಗೆ ಒಂದು ಗಟ್ಟಿ ವಾದವಿದೆ: "ಇಜಿಆರ್ ಎಂಜಿನ್ನಿನ ಶಕ್ತಿ ತಿನ್ನುತ್ತದೆ." ಆದರೆ ಸುಸ್ಥಿತಿಯಲ್ಲಿರುವ ಕವಾಟ ಪೂರ್ಣ ಆಕ್ಸಿಲರೇಟರ್ ಒತ್ತಿದಾಗ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಬಹಳ ಕಡಿಮೆ ತೆರೆದಿರುತ್ತದೆ. ಘಟ್ಟದ ಕಡಿದಾದ ಏರಿನಲ್ಲಿ, ಶಕ್ತಿ ನಿಜಕ್ಕೂ ಬೇಕಾದ ಹೊತ್ತಿನಲ್ಲಿ, ಅದು ದಾರಿ ಬಿಟ್ಟುಕೊಟ್ಟಿರುತ್ತದೆ. ಮತ್ತೊಂದು ವಾದದಲ್ಲಿ ಸತ್ಯಾಂಶವಿದೆ: ಇಜಿಆರ್ ಸಾರಜನಕದ ಆಕ್ಸೈಡುಗಳನ್ನು ಇಳಿಸುವಾಗ ಮಸಿಯನ್ನು ಕೊಂಚ ಹೆಚ್ಚಿಸುತ್ತದೆ. ಹೊಸ ವಾಹನಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದಿರುವುದು ಅದಕ್ಕೆಂದೇ. ಕಣ್ಣಿಗೆ ಕಾಣುವ ಮಸಿ ಕಡಿಮೆಯಾಗಲೆಂದು ಕಾಣದ ವಿಷವನ್ನು ಆರಿಸಿಕೊಳ್ಳುವುದು ಮಾಲಿನ್ಯ ನಿವಾರಣೆಯಲ್ಲ.

ಇಲ್ಲಿಯೇ ಸರ್ಕಾರದ ಹೊಣೆಯ ಪ್ರಶ್ನೆ ಬರುತ್ತದೆ. ಎಮಿಷನ್ ತಪಾಸಣಾ ಕೇಂದ್ರಗಳಲ್ಲಿ ಡೀಸೆಲ್ ವಾಹನವನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಒತ್ತಿಸಿ, ಹೊಗೆ ಎಷ್ಟು ಕಪ್ಪು ಎಂಬುದನ್ನಷ್ಟೇ ಅಳೆಯಲಾಗುತ್ತದೆ. ಪೆಟ್ರೋಲ್ ವಾಹನದಲ್ಲಿ ಅಳೆಯುವುದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಸಾರಜನಕದ ಆಕ್ಸೈಡುಗಳನ್ನು ಅಳೆಯುವ ಕ್ರಮವೇ ಇಲ್ಲ. ಇದರ ಪರಿಣಾಮ ವಿಚಿತ್ರ: ಕವಾಟ ಅಂಟಿಕೊಂಡು ಕರಿ ಹೊಗೆ ಬಿಡುವ ವಾಹನ ಫೇಲಾಗುತ್ತದೆ, ಕವಾಟಕ್ಕೆ ತಗಡು ಬಡಿದು ಬಂದರೆ ಪಾಸಾಗುತ್ತದೆ. ತಯಾರಕರ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ, ನಿಜ. ತಪಾಸಣೆಯೇ ಬಹುಮಾನ ಕೊಡುವಾಗ ಕಲಮಿನ ಮಾತು ಕೇಳುವವರಾರು?

ಹಳ್ಳಿಯ ಮೆಕ್ಯಾನಿಕ್ಕನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವ ಮುನ್ನ ದೊಡ್ಡವರ ಕಡೆಗೂ ನೋಡಬೇಕು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ಪರೀಕ್ಷೆಯ ಸಮಯವನ್ನು ಗುರುತಿಸಿ, ಆಗ ಮಾತ್ರ ಸಾರಜನಕದ ಆಕ್ಸೈಡುಗಳನ್ನು ಸರಿಯಾಗಿ ಹತ್ತಿಕ್ಕಿ, ರಸ್ತೆಯಲ್ಲಿ ಸಡಿಲಬಿಡುವ ತಂತ್ರಾಂಶವನ್ನು ಅಳವಡಿಸಿದ್ದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ವಾಹನಗಳಲ್ಲಿ ಅದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಭಾರತದಲ್ಲಿಯೂ 3 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸುವುದಾಗಿ ಕಂಪನಿ ಪ್ರಕಟಿಸಿತು. ಮಲೆನಾಡಿನ ಬಾಡಿಗೆ ಸಂಚಾರದಲ್ಲಿ ಎಲ್ಲರಿಗೂ ಪರಿಚಿತವಾದ ಟವೇರಾ ವಾಹನವನ್ನೂ 2013ರಲ್ಲಿ ಹೊಗೆ ನಿಯಮಗಳ ಕಾರಣಕ್ಕೆ, 1.14 ಲಕ್ಷದಷ್ಟು ಸಂಖ್ಯೆಯಲ್ಲಿ, ಹಿಂದಕ್ಕೆ ಕರೆಯಬೇಕಾಯಿತು. ಅವರದು ಸಾವಿರಾರು ಸಾಲುಗಳ ತಂತ್ರಾಂಶ, ಇವನದು ಎರಡಿಂಚಿನ ತಗಡು. ಗಾಳಿಗೆ ಬೀಳುವ ಅನಿಲ ಒಂದೇ.

"ಪೇಟೆಯಲ್ಲಿ ಲಕ್ಷಗಟ್ಟಲೆ ವಾಹನಗಳಿವೆ, ವಾರಾಂತ್ಯಕ್ಕೆ ಅವೇ ಸಾಲುಗಟ್ಟಿ ಘಟ್ಟಕ್ಕೂ ಬರುತ್ತವೆ, ನಮ್ಮ ಒಂದು ಜೀಪಿನಿಂದ ಏನಾದೀತು?" ಎಂಬುದು ಹಳ್ಳಿಯಲ್ಲಿ ಕೇಳಿಬರುವ ಪ್ರಶ್ನೆ. ಬೆಟ್ಟದ ಗಾಳಿಗೆ ಪೇಟೆಯ ಗಾಳಿಗಿಲ್ಲದ ಒಂದು ಗುಣವಿದೆ. ಓಝೋನ್ ಆಗಲು ಹೈಡ್ರೋಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳು ಎರಡೂ ಬೇಕು. ಕಾಡಿನ ಮರಗಳು ಬಿಸಿಲಿನಲ್ಲಿ ಐಸೋಪ್ರೀನ್ ಮುಂತಾದ ಆವಿಗಳನ್ನು ಸಹಜವಾಗಿ ಹೊರಬಿಡುತ್ತವೆ. ಅವೂ ಹೈಡ್ರೋಕಾರ್ಬನ್‌ಗಳೇ. ಅವುಗಳಷ್ಟಕ್ಕೆ ಅವುಗಳಿಂದ ಹಾನಿಯಿಲ್ಲ. ಹೀಗಾಗಿ ಅರಣ್ಯ ಪ್ರದೇಶದಲ್ಲಿ ಒಂದು ಪದಾರ್ಥ ಯಥೇಚ್ಛವಾಗಿದೆ. ಕೊರತೆಯಿರುವುದು ಸಾರಜನಕದ ಆಕ್ಸೈಡುಗಳಿಗೆ ಮಾತ್ರ. ಅವು ಎಷ್ಟು ಬಂದು ಬೀಳುತ್ತವೆಯೋ ಓಝೋನ್ ಅಷ್ಟಕ್ಕೆ ತಕ್ಕಂತೆ ಹುಟ್ಟುತ್ತದೆ. ಪೇಟೆಯ ನಡುವೆಯಾದರೆ ವಾಹನಗಳಿಂದ ಹೊಸದಾಗಿ ಬಂದ ನೈಟ್ರಿಕ್ ಆಕ್ಸೈಡ್ ಅಲ್ಲಿನ ಓಝೋನನ್ನೇ ಒಂದಷ್ಟು ತಿಂದುಹಾಕುತ್ತದೆ. ಗಾಳಿ ಊರ ಹೊರಗೆ, ಹೊಲಗಳ ಮೇಲೆ ಸಾಗಿದಂತೆ ಓಝೋನ್ ಏರುತ್ತದೆ. ಪೇಟೆಯ ಪಾಪ ಪೇಟೆಯಲ್ಲೇ ಉಳಿಯುವುದಿಲ್ಲ ಎಂಬುದು ನಿಜವಾದರೂ, ಕಾಡಿನೊಳಗಿನ ರಸ್ತೆಯಲ್ಲಿ ಬೀಳುವ ಪ್ರತಿ ಗ್ರಾಂ ಸಾರಜನಕದ ಆಕ್ಸೈಡಿನ ತೂಕವೂ ಹೆಚ್ಚೇ.

ಮಳೆಗಾಲದಲ್ಲಿ ಈ ಚಿಂತೆ ಕಡಿಮೆ. ಗಾಳಿ ತೊಳೆದಂತಿರುತ್ತದೆ, ಬಿಸಿಲೂ ಇರುವುದಿಲ್ಲ. ಓಝೋನಿಗೆ ಅನುಕೂಲವಾದದ್ದು ಮಳೆ ನಿಂತ ಮೇಲಿನ ನಿಚ್ಚಳ ಬಿಸಿಲಿನ ತಿಂಗಳುಗಳು. ಅದೇ ಸುಗ್ಗಿಯ ಸಾಗಾಟದ, ಪ್ರವಾಸಿಗರ ಕಾಲ. ಹಿತ್ತಿಲಲ್ಲಿ ಬೀನ್ಸ್, ಪಾಲಕ್, ಆಲೂಗಡ್ಡೆ ಇರುವುದೂ ಆಗಲೇ. ಈ ಮೂರೂ ಓಝೋನಿಗೆ ಸೂಕ್ಷ್ಮ ಬೆಳೆಗಳು. ಎಲೆಯ ಪತ್ರರಂಧ್ರಗಳ ಮೂಲಕ ಒಳಹೊಕ್ಕ ಓಝೋನ್ ಜೀವಕೋಶಗಳನ್ನು ಗಾಸಿಗೊಳಿಸಿ, ದ್ಯುತಿಸಂಶ್ಲೇಷಣೆಯನ್ನು ಕುಂದಿಸಿ, ಎಲೆಗೆ ಬೇಗ ಮುಪ್ಪು ತರುತ್ತದೆ. ಎಲೆಯ ಮೇಲ್ಮೈಯಲ್ಲಿ ಸೂಜಿಮೊನೆಯಂಥ ಕಂದು ಚುಕ್ಕೆಗಳು ಕಂಡು ಶಿಲೀಂಧ್ರನಾಶಕ ಹೊಡೆದವರಿಗೆ ಫಲ ಸಿಗದಿರುವುದುಂಟು. ಭಾರತದಲ್ಲಿ 2005ರ ಒಂದೇ ವರ್ಷ ನೆಲಮಟ್ಟದ ಓಝೋನಿನಿಂದ ಸುಮಾರು 35 ಲಕ್ಷ ಟನ್ ಗೋಧಿ ಮತ್ತು 21 ಲಕ್ಷ ಟನ್ ಭತ್ತದ ಇಳುವರಿ ನಷ್ಟವಾಯಿತೆಂದು 2014ರಲ್ಲಿ ಪ್ರಕಟವಾದ ವಿಜ್ಞಾನಿಗಳ ಲೆಕ್ಕಾಚಾರ ಹೇಳುತ್ತದೆ. ಓಝೋನ್ ಆಗುವ ಮುಂಚೆಯೇ ನೈಟ್ರೋಜನ್ ಡೈಆಕ್ಸೈಡ್ ಉಸಿರಾಟದ ದಾರಿಯನ್ನು ಕೆರಳಿಸುತ್ತದೆ, ಉಬ್ಬಸವನ್ನು ಉಲ್ಬಣಿಸುತ್ತದೆ. ಅದನ್ನು ಮೊದಲು ಸೇವಿಸುವವರು ಪೇಟೆಯವರಲ್ಲ. ಚಳಿಗಾಲದ ಬೆಳಿಗ್ಗೆ ಮಂಜು ಕಣಿವೆಯಲ್ಲಿ ನಿಂತಿರುವಾಗ ರಸ್ತೆಯ ತಿರುವಿನಲ್ಲಿ ಬಸ್ಸಿಗೆ ಕಾಯುವ ಶಾಲಾಮಕ್ಕಳು.

ಕೇಳಬೇಕಾದ ಬೇಡಿಕೆಗಳು ದೊಡ್ಡವೇನಲ್ಲ. ತಪಾಸಣಾ ಕೇಂದ್ರದಲ್ಲಿ ಕಂಪ್ಯೂಟರ್ ಇರುವ ವಾಹನಗಳಿಗೆ ಸ್ಕ್ಯಾನರ್ ಜೋಡಿಸಿ ದೋಷ ಸಂಕೇತಗಳನ್ನು ಓದಬೇಕು, ಇಜಿಆರ್ ಕೊಳವೆಯನ್ನು ಕಣ್ಣಿಂದ ನೋಡಬೇಕು. ಇದಕ್ಕೆ ಹೊಸ ಪ್ರಯೋಗಾಲಯ ಬೇಡ. ಪ್ಯಾಕಿಂಗ್, ಡಯಾಫ್ರಮ್, ಸಂವೇದಕಗಳನ್ನು ಬಿಡಿಯಾಗಿ ಮಾರದೆ ಇಡೀ ಜೋಡಣೆಯನ್ನೇ ಕೊಳ್ಳಬೇಕೆಂಬ ಕಂಪನಿಗಳ ಧೋರಣೆಯೇ ಅನೇಕರನ್ನು ತಗಡಿನ ಕಡೆಗೆ ತಳ್ಳುತ್ತಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಆರಂಭಿಸಿದ ಪ್ರಯತ್ನದ ವ್ಯಾಪ್ತಿಗೆ ವಾಹನಗಳೂ ಕೃಷಿ ಯಂತ್ರಗಳೂ ಸೇರಿವೆ. ಗ್ರಾಹಕರು ಅಲ್ಲಿ ಬಿಡಿಭಾಗಗಳನ್ನೂ ದುರಸ್ತಿ ಕೈಪಿಡಿಗಳನ್ನೂ ಕೇಳಬೇಕು. ಐಟಿಐ ವಿದ್ಯಾರ್ಥಿಗಳಿಗೆ ಕವಾಟ ಬಿಚ್ಚುವುದರ ಜೊತೆಗೆ ಅದು ಏಕಿದೆ ಎಂಬುದನ್ನೂ ಹೇಳಿಕೊಟ್ಟರೆ, ಮುಂದಿನ ತಲೆಮಾರಿನ ಗ್ಯಾರೇಜುಗಳಲ್ಲಿ "ತಗಡು ಬಡಿದುಬಿಡುವ" ಎಂಬ ಮಾತು ಅಷ್ಟು ಸಲೀಸಾಗಿ ಬರಲಾರದು. ಈಗಾಗಲೇ ತಗಡು ಬಡಿಸಿಕೊಂಡವರಿಗೂ ದಾರಿ ಮುಚ್ಚಿಲ್ಲ. ಕವಾಟ ಅಲ್ಲಿಯೇ ಇರುತ್ತದೆ, ತಗಡು ತೆಗೆದು ತೊಳೆದರೆ ಬಹುಪಾಲು ಮತ್ತೆ ನಡೆಯುತ್ತವೆ.

ಆಯುಧಪೂಜೆಗೆ ಮುಂಚಿನ ವಾರ ಗಾಡಿಯನ್ನು ಹೊಳೆಯುವಂತೆ ತೊಳೆಯುವ ವಾಡಿಕೆ ಎಲ್ಲ ಊರುಗಳಲ್ಲೂ ಇದೆ. ಮಳೆಗಾಲದ ಮಸಿ ಕಟ್ಟಿ ಮುಗಿದು, ಅಡಿಕೆ ಸಾಗಾಟ ಇನ್ನೂ ಶುರುವಾಗದ ಆ ವಾರ ಕವಾಟ ಬಿಚ್ಚಿ ನೋಡಲು ಅನುಕೂಲ. ಹೊಸ ಪ್ಯಾಕಿಂಗನ್ನು ಮಾತ್ರ ಮೊದಲೇ ತರಿಸಿಟ್ಟುಕೊಂಡಿರಬೇಕು. ಹಬ್ಬದ ದಿನಗಳಲ್ಲಿ ಬಿಡಿಭಾಗದ ಅಂಗಡಿಗಳು ಮುಚ್ಚಿರುತ್ತವೆ.